ಖಾಲಿ ಬಿಡಬಹುದು

ಸಂಘದ ಕೈಪಿಡಿ, ಇನ್ನೂರ ಹದಿನಾಲ್ಕು ಪುಟ.
ಯಾರೋ ಸ್ಕ್ಯಾನ್ ಮಾಡಿದ್ದಾರೆ, ಅರ್ಧ ಪುಟ ತಲೆಕೆಳಗೆ,
ತೊಂಬತ್ತೊಂದರಲ್ಲಿ ಹಾಳೆ ಹಿಡಿದ ಹೆಬ್ಬೆರಳೂ ಅಚ್ಚಾಗಿದೆ.
ಬಂಗೇರರು ಪೆನ್‌ಡ್ರೈವ್ ಇಟ್ಟು ಹೇಳಿದರು:
"ಫ್ಲೋರಿನ್ ಬಾಯಿ, ಇದಕ್ಕೊಂದು ದಾರಿ ಮಾಡಿ ಕೊಡಿ.
ಹುಡುಕಿ ಹುಡುಕಿ ನಮ್ಮದು ಬೂತಾಯಿಯ ಕಣ್ಣಾಯಿತು."

ಬಂದರಿನ ಈ ಅಂಗಡಿಯಲ್ಲಿ ನನಗಿದು ಹತ್ತೊಂಬತ್ತನೇ ವರ್ಷ.
ಮೊದಲು ಪುಟಗಳನ್ನು ನೆಟ್ಟಗೆ ನಿಲ್ಲಿಸಿದೆ.
ಅಕ್ಷರ ಗುರುತಿಸುವ ಯಂತ್ರ
ದೋಣಿಯನ್ನು ದೊಣ್ಣೆ ಎಂದು ಓದಿತ್ತು, ನಲವತ್ತು ಕಡೆ.
ಒಂದೊಂದೇ ದೊಣ್ಣೆ ಕಿತ್ತು
ನೀರಿಗಿಳಿಸಿದೆ ನಲವತ್ತು ದೋಣಿ.

ಆಮೇಲೆ ಗುರುತುಗಳು: ಡೀಸೆಲ್, ವಿಮೆ, ಬಲೆಯ ಸಾಲ,
ಮಳೆಗಾಲದ ನಿಷೇಧ, ಎಡಬದಿಯಲ್ಲಿ ಒಂದರ ಕೆಳಗೊಂದು,
ಒತ್ತಿದರೆ ಆ ಪುಟ. ಅಳಿವೆಬಾಗಿಲಲ್ಲಿ
ಬೋಯಾ ತೇಲಿಸಿದ ಹಾಗೆ,
ಒಳಬರುವವರಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು,
ನಡುವೆ ಬಂದರೆ ಮರಳು ತಾಗುವುದಿಲ್ಲ.

ಕೊನೆಗೆ ಫಾರಂ. ಪರಿಹಾರದ ಅರ್ಜಿ.
ಟ್ಯಾಬ್ ಒತ್ತಿದರೆ ಕರ್ಸರ್ ಹೆಸರಿನಿಂದ ಹಾರಿ
ನೇರ ಮರಣದ ದಿನಾಂಕಕ್ಕೆ,
ಅಲ್ಲಿಂದ ಹಿಂದಕ್ಕೆ, ಹುಟ್ಟಿದ ಊರಿಗೆ.
ಸರದಿ ತಿದ್ದಿದೆ.
ಆಗ ನನಗೆ ನಗು ಬಂದಿತ್ತು.

ಪರೀಕ್ಷೆಗೆ ಬೇಕಲ್ಲ ಒಬ್ಬರು. ಬಂಗೇರರು ಕಳಿಸಿದರು
ಬೆಂಗ್ರೆಯ ಅಪ್ಪಿ ಮೆಂಡನ್ ಅವರನ್ನು.
ಖಾಲಿ ಬುಟ್ಟಿ ಮೆಟ್ಟಿಲಲ್ಲಿಟ್ಟು ಒಳಬಂದರು.
ಸರಕಾರಿ ನಮೂನೆಯಂತೆ ಹೆಸರಿಗೆ ಇಪ್ಪತ್ತನಾಲ್ಕು ಮನೆ,
ಮನೆಗೊಂದು ಅಕ್ಷರ.
ಅ ಒಂದು ಮನೆಯಲ್ಲಿ, ಪ ಇನ್ನೊಂದರಲ್ಲಿ,
ಒತ್ತು ಕಳಚಿಕೊಂಡು ಪಕ್ಕದ ಮನೆಗೆ,
ಅದರಾಚೆ ಗುಡಿಸು ಒಂದೇ,
ಕೂರಲು ಅಕ್ಷರವಿಲ್ಲದೆ.
ನಾಲ್ಕನೇ ಕ್ಲಾಸಿನ ಓದು ಸಾಕಾಯಿತು ಅವರಿಗೆ:
"ಎಂತ ಬಾಯಮ್ಮ, ಇದನ್ನು ಕೊಯ್ದದ್ದು ಯಾರು?
ಅಂಜಲ್ ಆದರೂ ನಾನು ಇದಕ್ಕಿಂತ ಚಂದ ತುಂಡು ಮಾಡ್ತೇನೆ."

ಮನೆಗಳ ಗೋಡೆ ಒಡೆದು ಒಂದೇ ಉದ್ದ ಚಾವಡಿ ಮಾಡಿದೆ.
ಹೆಸರು ಒಟ್ಟಿಗೆ ಕೂತಿತು,
ಒತ್ತು ತನ್ನವರ ಕಾಲಬುಡದಲ್ಲಿ.

ಯಾರಿಗಾಗಿ?
"ತಮ್ಮ. ವಾಮನ."
ಸಂಬಂಧದ ಪಟ್ಟಿ ಬಿಚ್ಚಿಕೊಂಡಿತು:
ಹೆಂಡತಿ, ಮಗ, ಮಗಳು, ತಂದೆ, ತಾಯಿ.
ಅಕ್ಕ ಇರಲಿಲ್ಲ.
ಅಳಿಯಕಟ್ಟಿನ ನೆಲದಲ್ಲಿ ಕೂತು ಅಕ್ಕನನ್ನು ಬಿಟ್ಟ ಪಟ್ಟಿ!
ಬರೆದದ್ದು ನಾನಲ್ಲ. ನಕಲು ಮಾಡಿದ್ದು ನಾನೇ.
ಸೇರಿಸಿದೆ, ಎಲ್ಲರಿಗಿಂತ ಮೇಲೆ.

ಶವ ಸಿಕ್ಕ ದಿನಾಂಕ. ಪಕ್ಕದಲ್ಲಿ ಕೆಂಪು ನಕ್ಷತ್ರ.
"ಸಿಕ್ಕಲಿಲ್ಲ" ಎಂದರು ಅಪ್ಪಿ.
ಆ ಖಾನೆಗೆ ಮಾತು ಹಿಡಿಸದು, ಎಂಟು ಅಂಕಿಯೇ ಬೇಕು.
ಬಿಟ್ಟು ಮುಂದೆ ಹೋದರೆ ಠಣ್ ಎನ್ನುತ್ತದೆ, ಕೆಂಪಾಗುತ್ತದೆ,
ಹಿಂದಕ್ಕೆಳೆದು ಅಲ್ಲೇ ನಿಲ್ಲಿಸುತ್ತದೆ.
ಮೂರು ಸಲ.
"ಇವತ್ತಿನದ್ದು ಹಾಕುವುದಾ?" ಕೇಳಿದರು,
ನನ್ನ ಕಷ್ಟ ನೋಡಲಾರದವರಂತೆ.

ನಿಯಮ ಬದಲಿಸಲು ನಾನ್ಯಾರು. ಬಂಗೇರರಿಗೆ ಫೋನ್ ಮಾಡಿದೆ.
ಅತ್ತ ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದು, ತುಂಬ ಹೊತ್ತು.
ಮತ್ತೆ: "ನಕ್ಷತ್ರ ತೆಗೀರಿ. ಮೀಟಿಂಗಲ್ಲಿ ನಾನು ಹೇಳ್ತೇನೆ."

ಒಂದು ಟಿಕ್ ಅಷ್ಟೆ, ಕಡ್ಡಾಯ ಎಂಬುದರ ಎದುರು.
ತೆಗೆದೆ. ಕೆಳಗೆ ಸಣ್ಣಕ್ಷರದಲ್ಲಿ ಬರೆದೆ:
ತಿಳಿಯದಿದ್ದರೆ ಖಾಲಿ ಬಿಡಬಹುದು.
ಟ್ಯಾಬ್ ಈಗಲೂ ಅಲ್ಲಿಗೆ ಬರುತ್ತದೆ,
ತುಸು ಮಿನುಗುತ್ತದೆ,
ದಾಟುತ್ತದೆ.

ಪ್ರಿಂಟಿಗೆ ನಾಲ್ಕು ರೂಪಾಯಿ. ಹತ್ತು ಕೊಟ್ಟು
ಚಿಲ್ಲರೆ ಎಣಿಸಿ ಸೆರಗಿಗೆ ಗಂಟುಹಾಕಿದರು,
ಕಾಗದ ಒದ್ದೆಯಾಗದಂತೆ ಪ್ಲಾಸ್ಟಿಕ್ ಕೇಳಿ ಪಡೆದರು,
ಫೆರಿಗೆ ಹೊತ್ತಾಯಿತೆಂದು ಬುಟ್ಟಿ ಎತ್ತಿಕೊಂಡರು.

ಪುಟ ತೊಂಬತ್ತೊಂದರ ಹೆಬ್ಬೆರಳನ್ನು
ಅಳಿಸಬೇಕೆಂದಿದ್ದೆ.
ಬಿಟ್ಟೆ.